ಬಂಗುಡೆಯ ಹೊಟ್ಟೆಯ ಬಿಳಿ

ಇಪ್ಪತ್ತನಾಲ್ಕು ಚಿತ್ರಗಳನ್ನು ಅವರು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ತಂದಿದ್ದರು. ಜೆಪ್ಪುವಿನ ನನ್ನ ಪ್ರಿಂಟಿಂಗ್ ಕೋಣೆಯ ಮೇಜಿನ ಮೇಲೆ ಗಂಟು ಬಿಚ್ಚಿದಾಗ ಮೊದಲು ಬಂದದ್ದು ಬೂಸಲಿನ ವಾಸನೆ. ಆಮೇಲೆ ಮೀನುಗಳು. ಕಾಣೆ, ಅಂಜಲ್, ಬೂತಾಯಿ, ಪಾಂಫ್ರೆಟ್, ಕೊನೆಗೆ ಬಂಗುಡೆ. ಎಲ್ಲವೂ ಜಲವರ್ಣ. ಒಂದೊಂದು ಪೊರೆಯನ್ನೂ ಎಣಿಸಿ ಬಿಡಿಸಿದಂಥ ಕೆಲಸ. ಕೆಲವು ಹಾಳೆಗಳ ಅಂಚಿನಲ್ಲಿ ಬೂಸಲು ಕಂದು ಚುಕ್ಕೆಗಳಾಗಿ ಮೀನಿನ ಬಾಲದವರೆಗೂ ಬಂದಿತ್ತು.

ಅವರು ಮೀನುಗಾರಿಕೆಯ ಒಂದು ಸರಕಾರಿ ಸಂಸ್ಥೆಯಲ್ಲಿ ಚಿತ್ರಕಾರರಾಗಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅರ್ಚಕರ ಮನೆಯ ಮಗಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಜೆ ಹಿತ್ತಿಲ ಬಚ್ಚಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕೆಂದು ಅವರ ತಂದೆ ಹೇಳಿದ್ದರಂತೆ.

“ನೀವು ಮೀನು ತಿನ್ನುವವರಲ್ವಾ?” ಎಂದು ಕೇಳಿದರು.

“ಬ್ಯಾರಿಗಳ ಮನೆ ಮೇಡಂ. ಮೀನಿಲ್ಲದೆ ಊಟ ಇಲ್ಲ.”

“ಒಳ್ಳೆದಾಯ್ತು. ನಾನು ನೋಡಿದ್ದು ಮಾತ್ರ. ತಿಂದವರಿಗೆ ತಪ್ಪು ಬೇಗ ಗೊತ್ತಾಗ್ತದೆ.”

ಸಂಸ್ಥೆಯವರು ತಮ್ಮ ಹೊಸ ಸಭಾಂಗಣದ ಗೋಡೆಗೆ ಈ ಚಿತ್ರಗಳನ್ನು ಕೇಳಿದ್ದರು. ಮೂಲ ಚಿತ್ರಗಳನ್ನು ಇನ್ನು ಬೆಳಕಿಗೆ ತೂಗುಹಾಕುವಂತಿರಲಿಲ್ಲ. ನಾನು ಸ್ಕ್ಯಾನ್ ಮಾಡಿ, ಹತ್ತಿಯ ಕಾಗದದ ಮೇಲೆ, ನೂರು ವರ್ಷ ಮಾಸದ ಶಾಯಿಯಲ್ಲಿ ಪ್ರಿಂಟ್ ತೆಗೆದುಕೊಡಬೇಕಿತ್ತು. ನವರಾತ್ರಿ ಮುಗಿದ ಮೇಲೆ ಉದ್ಘಾಟನೆ. ಆಗಿನ್ನೂ ಮೇ ತಿಂಗಳು. ಬೇಕಾದಷ್ಟು ಸಮಯವಿದೆ ಎಂದುಕೊಂಡೆ.

ಹೊರಡುವ ಮೊದಲು ಅವರು ಬಂಗುಡೆಯ ಒಂದು ಹಳೆಯ ಚಿತ್ರವನ್ನು ನನ್ನ ಕಡೆ ತಿರುಗಿಸಿದರು. ಬೆನ್ನಿನ ಹಸಿರು, ಅದರ ಕೆಳಗೆ ಕಪ್ಪು ಗೆರೆಗಳು, ಹೊಟ್ಟೆಯ ಕಡೆ ಬರುತ್ತಾ ಬರುತ್ತಾ ಬಣ್ಣವೇ ಇಲ್ಲ.

“ಇಲ್ಲಿ ನಾನು ಎಂತದೂ ಹಾಕ್ಲಿಲ್ಲ ನೋಡಿ. ಹೊಟ್ಟೆ ಅಂದ್ರೆ ಕಾಗದವೇ. ಆದ್ರೆ ಈ ಹಳೇ ಕಾಗದ ಈಗ ಹಳದಿಯಾಗಿದೆ. ಇದಕ್ಕೆ ಹೋಲಿಸ್ಬೇಡಿ. ಮೀನಿಗೆ ಹೋಲಿಸಿ.”

ಅಂದರೆ ಕಾಗದ ಆರಿಸುವುದೆಂದರೆ ಇಪ್ಪತ್ತನಾಲ್ಕು ಮೀನುಗಳ ಹೊಟ್ಟೆಗೆ ಬಣ್ಣ ಆರಿಸುವುದು.

ಇಂಕ್‌ಜೆಟ್‌ಗೆ ಬಳಸುವ ಹತ್ತಿಯ ಕಾಗದದ ಮೇಲೆ ಸುಣ್ಣದ ಸಾರಣೆಯಂಥ ತೆಳುವಾದ ಲೇಪವಿರುತ್ತದೆ. ಶಾಯಿ ನಿಲ್ಲುವುದು ಆ ಲೇಪದಲ್ಲಿ. ಲೇಪ ಚೆನ್ನಾಗಿದ್ದರೆ ಕಪ್ಪು ಆಳವಾಗಿ ಕೂರುತ್ತದೆ, ಇಲ್ಲದಿದ್ದರೆ ಬೂದಿಯಂತೆ ಕಾಣುತ್ತದೆ. ನನ್ನ ಬಳಿ ಐದು ಬಗೆಯ ಸ್ಯಾಂಪಲ್ ಹಾಳೆಗಳಿದ್ದವು. ಹೊಳಪಿನದನ್ನು ಮೊದಲೇ ಬದಿಗಿಟ್ಟೆ, ಜಲವರ್ಣಕ್ಕೆ ಅದು ಫೋಟೊದ ಮುಖ ಕೊಡುತ್ತದೆ. ಒರಟು ಮೈಯದು ಪೊರೆಗಳ ಸಣ್ಣ ಗೆರೆಗಳನ್ನು ನುಂಗಿತು. ಮೂರನೆಯದು ಹತ್ತಿಯದೇ ಅಲ್ಲ, ಮರದ ತಿರುಳಿನದು. ಉಳಿದವು ಎರಡು, ಎರಡೂ ನಯವಾದ ಮ್ಯಾಟ್ ಕಾಗದ. ಒಂದು ಕಣ್ಣು ಕೋರೈಸುವ ಬಿಳಿ, ಇನ್ನೊಂದು ಹಾಲಿನ ಕೆನೆಗೆ ಹತ್ತಿರದ ಸಹಜ ಬಿಳಿ.

ತೊಕ್ಕೊಟ್ಟಿನಲ್ಲಿ ನನ್ನ ಅಣ್ಣನ ಬಟ್ಟೆಯಂಗಡಿ ಇದೆ. ಖೋಟಾ ನೋಟು ಹಿಡಿಯಲು ಅವನು ಇಟ್ಟುಕೊಂಡ ನೇರಳೆ ದೀಪವನ್ನು ತಂದು, ಕತ್ತಲೆ ಮಾಡಿ, ಎರಡೂ ಹಾಳೆಗಳ ಮೇಲೆ ಹಿಡಿದೆ. ಕೋರೈಸುವ ಬಿಳಿ ಹಾಳೆ ನೀಲಿಯಾಗಿ ಉರಿಯಿತು. ಅದರಲ್ಲಿ ಬಿಳುಪಿನ ರಾಸಾಯನಿಕ ಬೆರೆಸಿದ್ದಾರೆ, ಬಟ್ಟೆಗೆ ನೀಲಿ ಹಾಕಿದ ಹಾಗೆ. ಕೆಲವು ವರ್ಷಗಳಲ್ಲಿ ಅದರ ಶಕ್ತಿ ಹೋಗಿ ಕಾಗದ ಹಳದಿಯಾಗುತ್ತದೆ. ಸಹಜ ಬಿಳಿ ಹಾಳೆ ದೀಪದಡಿ ಮಂಕಾಗಿಯೇ ಉಳಿಯಿತು. ಅದು ಇಂದು ಹೇಗಿದೆಯೋ ನಾಳೆಯೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಅದನ್ನೇ ಆರಿಸಿದೆ.

ಎರಡು ಪೆಟ್ಟಿಗೆ ಕಾಗದ ಬೆಂಗಳೂರಿನಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ಪಂಪ್‌ವೆಲ್‌ಗೆ ಬಂತು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಒಂದು ಪೆಟ್ಟಿಗೆಯ ಮೂಲೆ ನೆನೆದು, ಒಳಗಿನ ಹಾಳೆಗಳೆಲ್ಲ ಅಂಚಿನಲ್ಲಿ ಉಬ್ಬಿಕೊಂಡಿದ್ದವು. ಇನ್ನೊಂದು ಪೆಟ್ಟಿಗೆಯೂ ನೆಮ್ಮದಿ ಕೊಡಲಿಲ್ಲ. ತೇವ ಹೀರುವ ಯಂತ್ರ ಇಡೀ ದಿನ ಓಡಿದರೂ ಕೋಣೆಯ ಗಾಳಿ ಒದ್ದೆ ಬಟ್ಟೆಯಂತೆಯೇ ಇತ್ತು. ಹಾಳೆಯ ಅಂಚು ಒಂದು ಕೂದಲಿನಷ್ಟು ಮೇಲೆದ್ದರೆ ಸಾಕು, ಶಾಯಿ ಚಿಮ್ಮುವ ಹೆಡ್ ಅದಕ್ಕೆ ತಾಗಿ ಕಪ್ಪು ಬರೆ ಎಳೆಯುತ್ತದೆ. ಮೊದಲ ಕಾಣೆ ಮೀನು ಹಾಗೆ ಹಾಳಾಯಿತು. ಎರಡನೆಯದರಲ್ಲಿ ಮೀನಿನ ಕಣ್ಣಿನೊಳಗೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ. ಹಾಳೆಯ ಮೇಲೆ ಕೂತಿದ್ದ ಹತ್ತಿಯ ನಾರಿನ ಮೇಲೆ ಶಾಯಿ ಬಿದ್ದು, ಒಣಗಿದ ಮೇಲೆ ನಾರು ಉದುರಿ ಹೋಗಿತ್ತು. ಅಂದಿನಿಂದ ಪ್ರತಿ ಹಾಳೆಯನ್ನೂ ಮೃದುವಾದ ಬ್ರಷ್‌ನಿಂದ ಎರಡೆರಡು ಸಲ ಗುಡಿಸಿ ಯಂತ್ರಕ್ಕೆ ಕೊಡತೊಡಗಿದೆ.

ಕೊನೆಗೆ ಕಲೆಯಿಲ್ಲದ ಒಂದು ಬಂಗುಡೆ ಬಂತು, ಒಪ್ಪಿಗೆಗೆ ತೋರಿಸುವ ಮೊದಲ ಪ್ರೂಫ್. ಅವರಿಗೆ ಫೋನ್ ಮಾಡಿದೆ.

ಕೊಡೆಯನ್ನು ಬಾಗಿಲ ಹೊರಗಿಟ್ಟು, ಕಿಟಕಿಯ ಬಳಿ ಹಾಳೆ ಹಿಡಿದು ತುಂಬ ಹೊತ್ತು ನೋಡಿದರು.

“ಹಳದಿಯಾಯ್ತಲ್ಲ ಮಾರಾಯ್ರೆ.”

“ಮೇಡಂ, ಇದು ಸಹಜ ಬಿಳಿ. ಇದಕ್ಕಿಂತ ಬಿಳಿ ಬೇಕಿದ್ರೆ ಕೆಮಿಕಲ್ ಹಾಕಿದ ಕಾಗದ ಆಗ್ತದೆ. ಅದು ಬಾಳ್ವಿಕೆ ಬರುದಿಲ್ಲ.”

“ಬಾಳ್ವಿಕೆ ಬರ್ಲಿಕ್ಕೆ ಮೊದ್ಲು ಸರಿ ಇರ್ಬೇಕಲ್ಲ. ಬಂಗುಡೆ ಹೊಟ್ಟೆ ಹೀಗಿರುದಿಲ್ಲ. ಮೂವತ್ತು ವರ್ಷ ನೋಡಿದ್ದೇನೆ.”

ಈ ಕಾಗದಕ್ಕೆ ಯಾವ ಬಣ್ಣ ಎಷ್ಟು ಎಂದು ಯಂತ್ರಕ್ಕೆ ಹೇಳುವ ಪ್ರೊಫೈಲ್ ತಪ್ಪಿರಬಹುದೆಂದು ಬಣ್ಣದ ಪಟ್ಟಿಗಳನ್ನು ಮತ್ತೆ ಪ್ರಿಂಟ್ ಮಾಡಿ, ಒಂದಿಡೀ ದಿನ ಒಣಗಲು ಬಿಟ್ಟು, ಬಣ್ಣ ಅಳೆಯುವ ಯಂತ್ರದಿಂದ ಅಳೆದೆ. ತಪ್ಪಿರಲಿಲ್ಲ. ಎರಡನೆಯ ಪ್ರೂಫ್ ಕೂಡ ಅವರಿಗೆ ಹಳದಿಯೇ. ಮೂರನೆಯದನ್ನು ತೋರಿಸುವಾಗ ಕೋಣೆಯ ದೀಪ ಬದಲಾಯಿಸಿದೆ. ಅದೂ ಹಳದಿ. ನನಗೆ ನನ್ನ ಕಣ್ಣಿನ ಮೇಲೆಯೇ ಅನುಮಾನ ಬಂತು.

ಒಂದು ಬೆಳಿಗ್ಗೆ ಐದೂ ಕಾಗದದ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಬಂದರಿನಲ್ಲಿ ಬೋಟುಗಳು ಮೀನಿಳಿಸುವ ಧಕ್ಕೆಗೆ ಹೋದೆ. ದೊಡ್ಡ ಬೋಟುಗಳಿಗೆ ಮಳೆಗಾಲದ ರಜೆ. ಬುಟ್ಟಿಗಳಲ್ಲಿ ಇದ್ದದ್ದು ಬೇರೆ ಊರಿನಿಂದ ಐಸಿನಲ್ಲಿ ಬಂದ ಬಂಗುಡೆ. ಕಣ್ಣು ಬೆಳ್ಳಗಾಗಿ, ಹೊಟ್ಟೆ ಮೆತ್ತಗಾದ ಮೀನು. ನಾನು ಒಂದನ್ನು ಎತ್ತಿ ಪಕ್ಕದಲ್ಲಿ ಕಾಗದ ಹಿಡಿದು ನೋಡತೊಡಗಿದಾಗ ಮಾರುವ ಹೆಂಗಸು ಗದರಿದಳು.

“ಎಂತ, ಮೀನು ತಗೊಳ್ಳುದಾ, ಪರೀಕ್ಷೆ ಮಾಡುದಾ?”

“ತಾಜಾ ಬಂಗುಡೆಯ ಹೊಟ್ಟೆ ಎಷ್ಟು ಬಿಳಿ ಇರ್ತದೆ ಅಕ್ಕ?”

ಅವಳು ಪಕ್ಕದವಳ ಮುಖ ನೋಡಿದಳು. “ಬಿಳಿ ಎಲ್ಲಿದೆ ಮಾರಾಯ? ಅದು ಹೊಳೆಯುದು. ತಿರುಗಿಸಿದ ಹಾಗೆ ಬೇರೆ ಕಾಣ್ತದೆ. ನಿನಗೆ ಬೇಕಾ ಬೇಡ್ವಾ?”

ಅರ್ಧ ಕಿಲೋ ತೆಗೆದುಕೊಂಡು ಬಂದೆ. ಮನೆಯಲ್ಲಿ ಹೆಂಡತಿ ಮೂಸಿ ನೋಡಿ, ಇಂಥದ್ದನ್ನು ಯಾಕೆ ತಂದಿರಿ ಎಂದಳು.

ನನ್ನ ಪಟ್ಟು ಸಡಿಲಿಸಿ ಕೋರೈಸುವ ಬಿಳಿ ಕಾಗದದಲ್ಲಿ ನಾಲ್ಕನೆಯ ಪ್ರೂಫ್ ತೆಗೆದೆ. ಅದನ್ನು ಹಿಡಿದು ಅವರು ಕಿಟಕಿಯ ಬಳಿ ನಿಂತಾಗ ನನಗೇ ಕಣ್ಣು ಚುಚ್ಚಿತು. ಅವರು ತಲೆ ಅಲ್ಲಾಡಿಸಿದರು.

“ಇದೂ ಮೊದ್ಲಿನ ಹಾಗೇ ಉಂಟು. ನೀವು ಕಾಗದ ಬದ್ಲಿಸಿದ್ದೀರಾ ನಿಜವಾಗಿ?”

ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಅಥವಾ ಹೊಳೆಯಲು ನಾನು ಬಿಡಲಿಲ್ಲ. ಹಿರಿಯರು, ಮೀನನ್ನು ನನಗಿಂತ ಸಾವಿರ ಪಾಲು ಹೆಚ್ಚು ನೋಡಿದವರು. ಅವರ ಕಣ್ಣನ್ನು ಅನುಮಾನಿಸಲು ನಾನು ಯಾರು ಎನಿಸಿತ್ತು. ಅಂದು ಅವರು ಹೋದ ಮೇಲೆ ಮಾಡಬಾರದ ಕೆಲಸ ಮಾಡಿದೆ. ಫೈಲ್ ತೆರೆದು ಬಂಗುಡೆಯ ಹೊಟ್ಟೆಗೆ ಸ್ವಲ್ಪ ನೀಲಿ ಸೇರಿಸಿದೆ. ಮರುದಿನ ತೋರಿಸಿದಾಗ, “ಇನ್ನು ಸ್ವಲ್ಪ,” ಎಂದರು. ಇನ್ನಷ್ಟು ಸೇರಿಸಿದೆ. ಆರನೆಯ ಪ್ರೂಫ್ ನೋಡಿ ಅವರ ಮುಖ ಅರಳಿತು.

“ಈಗ ಬಂತು ನೋಡಿ! ಇದು ಬಂಗುಡೆ. ನಿಮಗೆ ಸುಮ್ಮನೆ ತೊಂದ್ರೆ ಕೊಟ್ಟೆ, ಬೇಜಾರು ಮಾಡ್ಬೇಡಿ ಆಯ್ತಾ.”

ಪ್ರೂಫ್‌ನ ಹಿಂದೆ ಪೆನ್ಸಿಲ್‌ನಲ್ಲಿ ಸಹಿ ಹಾಕಿದರು. ನಾನು ನಕ್ಕೆ. ಅವರು ಮೆಟ್ಟಿಲಿಳಿದು ಹೋಗುವ ಸದ್ದು ಕೇಳುತ್ತಾ, ಮೇಜಿನ ಮೇಲಿದ್ದ ಆ ನೀಲಿ ಮೀನನ್ನು ನೋಡಲಾಗದೆ ಕೂತೆ.

ಮೂರು ದಿನಗಳ ಬಳಿಕ ಅವರ ಮಗಳು ಬಂದರು. ಕಾಲೇಜೊಂದರಲ್ಲಿ ಪಾಠ ಮಾಡುವವರು, ತಾಯಿಯೊಂದಿಗೆ ಪಂಪ್‌ವೆಲ್ ಹತ್ತಿರದ ಫ್ಲ್ಯಾಟಿನಲ್ಲಿ ಇರುವವರು. ತಾಯಿ ಒಪ್ಪಿದ ಪ್ರೂಫನ್ನು ನೋಡುವ ಆಸೆಯಿಂದ ಬಂದಿದ್ದರು.

“ಇದೆಂತ ಇದು? ನೀಲಿ ಬಂಗುಡೆ?”

“ಅಮ್ಮ ಒಪ್ಪಿದ್ದು ಇದನ್ನೇ.”

“ಅಮ್ಮನಿಗೆ ಕಣ್ಣಿನಲ್ಲಿ ಪೊರೆ ಉಂಟು ಅಂತ ಡಾಕ್ಟ್ರು ಹೇಳಿ ಎರಡು ವರ್ಷ ಆಯ್ತು. ಪೇಪರ್ ಓದ್ಲಿಕ್ಕೆ ಆಗ್ತದಲ್ಲ, ಮತ್ತೆ ನೋಡುವ ಅಂತ ಮುಂದೆ ಹಾಕ್ತಾ ಬಂದ್ರು,” ಎಂದರು. ಹೇಳುತ್ತಿದ್ದಂತೆ ಅವರ ದನಿಯೇ ತಗ್ಗಿತು. “ಅದು ಬಣ್ಣಕ್ಕೂ ಆಗ್ತದಾ?”

ಆಗುತ್ತದೆ ಎಂದು ನನಗೆ ಓದಿ ಗೊತ್ತಿತ್ತು. ಹಳದಿ ಗಾಜಿನ ಹಿಂದಿನಿಂದ ನೋಡಿದ ಹಾಗೆ. ನಿಧಾನವಾಗಿ, ವರ್ಷಗಟ್ಟಲೆ ನಡೆಯುವುದರಿಂದ ನೋಡುವವರಿಗೆ ತಿಳಿಯುವುದಿಲ್ಲ.

ಅವರು ಹೋದ ಮೇಲೆ ಇನ್ನೊಂದು ಯೋಚನೆ ಬಂತು. ಇಪ್ಪತ್ತನಾಲ್ಕು ಚಿತ್ರಗಳಲ್ಲಿ ಹದಿನೆಂಟು ಅವರು ನೌಕರಿಯಲ್ಲಿದ್ದಾಗ ಬಿಡಿಸಿದವು. ಆರು ಮಾತ್ರ ನಿವೃತ್ತಿಯ ನಂತರ ಮನೆಯಲ್ಲಿ, ನೆನಪಿನಿಂದ ಬಿಡಿಸಿದವು. ಸ್ಕ್ಯಾನ್ ಮಾಡುವಾಗಲೇ ಗಮನಿಸಿದ್ದೆ, ಆ ಆರರಲ್ಲಿ ಮೀನಿನ ಹೊಟ್ಟೆ ಬರೀ ಕಾಗದವಲ್ಲ, ಅದರ ಮೇಲೆ ತೆಳುವಾದ ನೀಲಿ ನೀರು ಬಳಿದಿತ್ತು. ಶೈಲಿ ಬದಲಾಗಿದೆ, ಕಲಾವಿದರ ಇಷ್ಟ ಎಂದುಕೊಂಡು ಸುಮ್ಮನಿದ್ದೆ. ಈಗ ಅಳೆಯುವ ಯಂತ್ರವನ್ನು ಮೊದಲು ಆ ನೀಲಿಯ ಮೇಲಿಟ್ಟೆ, ಆಮೇಲೆ ಅವರು ಸಹಿ ಹಾಕಿದ ಪ್ರೂಫ್ ಮೇಲೆ. ಎರಡೂ ಅಂಕಿಗಳು ಪಕ್ಕಪಕ್ಕದಲ್ಲೇ ಬಂದವು. ಅವರ ಕಣ್ಣಿನ ಹಳದಿಯನ್ನು ತೊಳೆಯಲು ನನಗೆ ಎಷ್ಟು ನೀಲಿ ಬೇಕಾಯಿತೋ, ಅಷ್ಟೇ ನೀಲಿಯನ್ನು ಅವರೂ, ತಿಳಿಯದೆ, ಆ ಆರು ಮೀನುಗಳಿಗೆ ಬಳಿದಿದ್ದರು.

ಎರಡು ದಿನ ಯಂತ್ರ ಚಾಲೂ ಮಾಡಲಿಲ್ಲ. ಸಹಿ ಇದೆ. ಅವರು ಒಪ್ಪಿದ ಹಾಗೆಯೇ ಪ್ರಿಂಟ್ ತೆಗೆದುಕೊಟ್ಟರೆ ನನ್ನ ಮೇಲೆ ಮಾತಿಲ್ಲ. ಆದರೆ ಆ ಸಭಾಂಗಣಕ್ಕೆ ಬರುವವರೆಲ್ಲ ಮೀನಿನ ಜೊತೆಯೇ ಬದುಕಿದವರು. ಮೂರನೆಯ ದಿನ ಮಗಳಿಗೆ ಫೋನ್ ಮಾಡಿ, ನಾನೇ ಬಂದು ಹೇಳುತ್ತೇನೆ ಎಂದೆ.

ಅವರ ಮನೆಯ ಊಟದ ಮೇಜಿನ ಮೇಲೆ ಸಹಜ ಬಿಳಿ ಮತ್ತು ಕೋರೈಸುವ ಬಿಳಿ ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟೆ.

“ಮೇಡಂ, ಇದರಲ್ಲಿ ಹೆಚ್ಚು ಬಿಳಿ ಯಾವುದು?”

ಅವರು ಒಂದನ್ನು ಎತ್ತಿದರು, ಇಟ್ಟರು, ಇನ್ನೊಂದನ್ನು ಎತ್ತಿದರು. “ಎರಡೂ ಒಂದೇ ಅಲ್ವಾ?” ಎಂದು ಮಗಳ ಕಡೆ ನೋಡಿದರು. ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದರು.

ಕಣ್ಣಿನ ಪೊರೆಯಿಂದ ಬಿಳಿಯೂ ಹಳದಿಯಾಗಿ ಕಾಣುವುದನ್ನು ನಾನು ಹೇಳಿದೆ. ಪ್ರೂಫ್‌ಗೆ ನೀಲಿ ಸೇರಿಸಿದ್ದನ್ನೂ ಹೇಳಿದೆ. ಆ ಆರು ಚಿತ್ರಗಳ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಸಿಟ್ಟಾಗಲಿಲ್ಲ. ಎರಡೂ ಕಾಗದಗಳ ಅಂಚನ್ನು ಸರಿಯಾಗಿ ಜೋಡಿಸಿಟ್ಟು, “ಹಾಗಾದ್ರೆ ನಾನು ನಿಮಗೆ ಇಷ್ಟು ದಿನ ಸುಳ್ಳು ಹೇಳಿದ ಹಾಗಾಯ್ತು,” ಎಂದರು.

“ಸುಳ್ಳಲ್ಲ ಮೇಡಂ. ನಿಮಗೆ ಕಂಡದ್ದನ್ನು ಹೇಳಿದ್ದೀರಿ.”

“ಅದೇ ಮಾರಾಯ್ರೆ ನಾನು ಹೇಳುದು.”

ಆಗಸ್ಟ್‌ನಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಅಷ್ಟರಲ್ಲಿ ಹೊಸ ಕಾಗದ ತರಿಸಿ, ಹದಿನೆಂಟು ಹಳೆಯ ಚಿತ್ರಗಳ ಫೈಲ್‌ಗಳಿಂದ ಬೂಸಲಿನ ಕಲೆ ತೆಗೆದಿದ್ದೆ. ಮಳೆಯೂ ಇಳಿದಿತ್ತು. ಹಾಳೆಗಳು ಹೇಳಿದ ಮಾತು ಕೇಳತೊಡಗಿದ್ದವು. ಕೆಲಸ ಹಳಿಗೆ ಬಂತು ಎನ್ನುವ ಹೊತ್ತಿಗೆ ಅವರು ಕಪ್ಪು ಕನ್ನಡಕ ಹಾಕಿಕೊಂಡು ಮಗಳ ಜೊತೆ ಮೆಟ್ಟಿಲು ಹತ್ತಿ ಬಂದರು.

ಸಹಜ ಬಿಳಿಯ ಮೇಲಿನ ಬಂಗುಡೆಯನ್ನು ಕೊಟ್ಟೆ. ಕನ್ನಡಕ ತೆಗೆದು ಒಂದು ಕಣ್ಣು ಮುಚ್ಚಿ ನೋಡಿದರು, ಆಮೇಲೆ ಇನ್ನೊಂದು. ಹಾಗೆ ನಾಲ್ಕೈದು ಸಲ.

“ಇದು ಸರಿ ಉಂಟು. ನೀವು ಮೊದ್ಲೇ ಸರಿ ಮಾಡಿದ್ದೀರಿ.” ಹಾಳೆಯನ್ನು ಮೇಜಿನ ಮೇಲಿಟ್ಟು, “ರಿಟೈರ್ ಆದ ಮೇಲೆ ಮನೆಯಲ್ಲಿ ಬಿಡಿಸಿದ ಆ ಆರು ಎಲ್ಲಿ?” ಎಂದರು.

ಬೇರೆ ದಿನ ನೋಡುವ ಎಂದು ಹೇಳಲು ನೋಡಿದೆ. ಅವರು ಕೈ ಚಾಚಿಕೊಂಡೇ ನಿಂತಿದ್ದರು. ಮೂಲ ಚಿತ್ರಗಳನ್ನು ತಂದು ಮೇಜಿನ ಮೇಲೆ ಹರಡಿದೆ. ಅವರು ಒಂದೊಂದರ ಮುಂದೆಯೂ ನಿಂತರು. ಆರನೆಯದರ ಮುಂದೆ ಕುರ್ಚಿ ಎಳೆದು ಕೂತರು.

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಮೇಡಂ.”

“ಹೇಳ್ಲಿಲ್ಲ.”

“ಬಾಯಿ ಬರ್ಲಿಲ್ಲ.”

ಕಂಪ್ಯೂಟರ್‌ನಲ್ಲಿ ಸರಿ ಮಾಡಲು ಆಗುತ್ತದಾ ಎಂದು ಕೇಳಿದರು. ಆಗುತ್ತದೆ ಎಂದೆ. ಅವರು ನೋಡುತ್ತಿದ್ದಂತೆ ಒಂದು ಮೀನಿನ ನೀಲಿಯನ್ನು ಇಳಿಸಿದೆ. ಎರಡು ನಿಮಿಷದ ಕೆಲಸ. ಹೊಟ್ಟೆ ಬೆಳ್ಳಗಾಯಿತು, ಬೆನ್ನಿನ ಹಸಿರೂ ತನ್ನ ಜಾಗಕ್ಕೆ ಬಂತು. ಚೆನ್ನಾಗಿಯೇ ಇತ್ತು. ಅವರು ಪರದೆಯನ್ನೂ ನನ್ನ ಕೈಯನ್ನೂ ನೋಡಿದರು.

“ಇದು ನೀವು ಮಾಡಿದ ಮೀನು. ನಂದಲ್ಲ.”

ಆರೂ ಚಿತ್ರಗಳನ್ನು ಮನೆಗೆ ಒಯ್ದರು. ಒಂದು ವಾರ ಬಿಟ್ಟು ಫೋನ್ ಮಾಡಿ ಬರಲು ಹೇಳಿದರು. ಹೋದಾಗ ಮಗಳು ಕಾಲೇಜಿಗೆ ಹೋಗಿದ್ದರು. ಊಟದ ಮೇಜಿನ ಮೇಲೆ ನೀರಿನ ಬಟ್ಟಲು, ಬ್ರಷ್, ಒತ್ತುವ ಕಾಗದ. ಜಲವರ್ಣವನ್ನು ಒದ್ದೆ ಬ್ರಷ್‌ನಿಂದ ನೆನೆಸಿ, ಒತ್ತಿ, ಸ್ವಲ್ಪ ಮಟ್ಟಿಗೆ ಮೇಲೆತ್ತಬಹುದು. ಅವರು ಮೀನಿನ ಹೊಟ್ಟೆಯಿಂದ ನೀಲಿಯನ್ನು ತೆಗೆಯಲು ಹೊರಟಿದ್ದರು. ಐದು ಚಿತ್ರಗಳು ಆಗಲೇ ಮುಗಿದಿದ್ದವು. ನೀಲಿ ಹೋಗಿರಲಿಲ್ಲ, ಹರಡಿತ್ತು. ಉಜ್ಜಿದಲ್ಲಿ ಕಾಗದದ ಮೈ ಎದ್ದು ಸಣ್ಣ ಸಣ್ಣ ಉಂಡೆಯಾಗಿತ್ತು. ಕಪ್ಪು ಗೆರೆಗಳು ಹೊಟ್ಟೆಗೆ ಇಳಿದಿದ್ದವು. ಅವರು ಆರನೆಯದನ್ನು ಹತ್ತಿರಕ್ಕೆ ಎಳೆದುಕೊಂಡರು.

“ಬಿಡಿ ಮೇಡಂ,” ಎಂದೆ. “ಇದೊಂದಾದ್ರೂ ಇರ್ಲಿ.”

“ಇರ್ಬಾರ್ದು. ಮುಂದೆ ಯಾರಾದ್ರೂ ನೋಡಿ ಬಂಗುಡೆ ಹೀಗಿತ್ತು ಅಂತ ಬರೀತಾರೆ. ನಮ್ಮ ಚಿತ್ರ ನೋಡಿ ಹುಡುಗರು ಮೀನು ಕಲಿತದ್ದು, ಗೊತ್ತುಂಟಾ ನಿಮಗೆ?”

ಬಟ್ಟಲಿನಲ್ಲಿ ಬ್ರಷ್ ಅದ್ದಿದರು. ಕೈ ಹಿಡಿದು ತಡೆಯಬಹುದಿತ್ತು. ಅವರ ಚಿತ್ರ, ಅವರ ಕೈ. ನಾನು ಪಕ್ಕದಲ್ಲಿ ನಿಂತು, ಕೇಳಿದಾಗ ಒತ್ತುವ ಕಾಗದ ಕೊಟ್ಟೆ.

ಮರುದಿನ ಅವರು ಆಟೋದಲ್ಲಿ ಒಬ್ಬರೇ ನನ್ನ ಕೋಣೆಗೆ ಬಂದರು. ಆ ಆರರ ಫೈಲ್‌ಗಳನ್ನು ಅಳಿಸಬೇಕು, ಎಲ್ಲ ಕಡೆಯಿಂದ, ತಮ್ಮ ಎದುರೇ. ಕಂಪ್ಯೂಟರ್‌ನಿಂದ ಅಳಿಸಿದೆ. ಬೀರುವಿನಲ್ಲಿದ್ದ ಬ್ಯಾಕಪ್ ಡಿಸ್ಕ್ ತಂದು ಅದರಿಂದಲೂ ಅಳಿಸಿದೆ. ಒಂದು ಕ್ಷಣ ಮೌಸ್ ಮೇಲೆ ಬೆರಳು ನಿಂತಿತು. ಅವರು ನೋಡುತ್ತಿದ್ದರು. ಸೀರೆಯ ಸೆರಗಿನಿಂದ ಕಣ್ಣಿನ ನೀರು ಒರೆಸಿಕೊಂಡು, “ಆಪರೇಷನ್ ಆದ ಕಣ್ಣಲ್ವಾ, ನೀರು ಬರ್ತಾ ಇರ್ತದೆ,” ಎಂದರು.

ಹದಿನೆಂಟು ಪ್ರಿಂಟ್‌ಗಳು ಸಭಾಂಗಣದಲ್ಲಿ ತೂಗಿದವು. ಕಾಗದದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೇಳದಿದ್ದರೆ ಕಾಗದ ಸರಿಯಿದೆ ಎಂದೇ ಅರ್ಥ. ಉದ್ಘಾಟನೆಯ ದಿನ ಅವರು ಬಂಗುಡೆಯ ಮುಂದೆ ನಿಂತು, ಯಾರೋ ಸಂಶೋಧಕರಿಗೆ ಗೆರೆಗಳನ್ನು ಎಣಿಸಿ ತೋರಿಸುತ್ತಿದ್ದರು. ಉಳಿದ ಆರರ ಬಗ್ಗೆ ಸಂಸ್ಥೆಯವರು ವಿಚಾರಿಸಿದಾಗ ಮಳೆಗಾಲದಲ್ಲಿ ಹಾಳಾದವು ಎಂದರಂತೆ.

ಎರಡು ವಾರ ಕಳೆದು ಮಗಳ ಫೋನ್ ಬಂತು.

“ನಿಮ್ಮ ಹತ್ರ ಒಂದು ಕೇಳ್ಲಿಕ್ಕಿತ್ತು. ಅಮ್ಮನ ಆ ಆರು ಚಿತ್ರಗಳ ಸ್ಕ್ಯಾನ್ ಉಂಟಲ್ವಾ? ಸರಿ ಮಾಡುದು ಬೇಡ. ಇದ್ದ ಹಾಗೇ, ನೀಲಿಯಲ್ಲೇ, ನನಗೊಂದು ಸೆಟ್ ಬೇಕಿತ್ತು.” ಯಾಕೆಂದೂ ಅವರೇ ಹೇಳಿದರು. “ಅಪ್ಪ ತೀರಿಕೊಂಡ ವರ್ಷ ಅಮ್ಮ ಆ ಮೀನುಗಳನ್ನು ಬಿಡಿಸಿದ್ದು. ದಿನಾ ಬೆಳಿಗ್ಗೆ ಆ ಮೇಜಲ್ಲಿ ಕೂತು. ಬೇರೆ ಎಂತದೂ ಮಾತಾಡ್ತಿರ್ಲಿಲ್ಲ. ನಾನು ಪಕ್ಕದಲ್ಲಿ ಪೇಪರ್ ತಿದ್ದುತ್ತಾ ಇರ್ತಿದ್ದೆ.”

ಅಳಿಸಿದ್ದನ್ನು ಹೇಳಿದೆ. ಅವರು ನಂಬಲಿಲ್ಲ ಎನಿಸುತ್ತದೆ.

“ಒಂದೂ ಇಲ್ವಾ?”

“ಇಲ್ಲ.”

ಫೋನಿನ ಆ ಕಡೆ ಬಸ್ಸೊಂದರ ಹಾರನ್, ಜನರ ಗಲಾಟೆ. ಕಾಲೇಜಿನಿಂದ ಮನೆಗೆ ಹೋಗುವ ದಾರಿಯಲ್ಲಿದ್ದಿರಬೇಕು.

“ನಾನು ಕೇಳಿದ್ದು ಅಮ್ಮನಿಗೆ ಹೇಳ್ಬೇಡಿ ಆಯ್ತಾ.”

ಹೇಳಿಲ್ಲ.